ಹೊಟ್ಟೆಯ ಪೊರೆ ದಪ್ಪಗಾಗುವುದರಲ್ಲಿ ಮೈಕ್ರೋಆರ್‌ಎನ್‌ಎಗಳ ಪಾತ್ರ: ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರ ಮನೆಯವರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನ ತಾಯಿಗೆ 61 ವರ್ಷ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹಾಳಾಗಿ ನಾಲ್ಕು ವರ್ಷಗಳಿಂದ ಮನೆಯಲ್ಲೇ ಪೆರಿಟೋನಿಯಲ್ ಡಯಾಲಿಸಿಸ್ ನಡೆಯುತ್ತಿದೆ, ದಿನಕ್ಕೆ ನಾಲ್ಕು ಬ್ಯಾಗ್. ಈಚಿನ ತಿಂಗಳುಗಳಲ್ಲಿ ಒಳಗೆ ಬಿಟ್ಟಷ್ಟೇ ನೀರು ಹೊರಗೆ ಬರುತ್ತಿದೆ, ಕಾಲು ಊದಿಕೊಳ್ಳುತ್ತಿದೆ. ಪೊರೆ ದಪ್ಪಗಾಗಿರಬಹುದು ಎಂದು ಡಾಕ್ಟರು ಹೇಳಿದರು. ಇದಕ್ಕೆ ಮೈಕ್ರೋಆರ್‌ಎನ್‌ಎಗಳು ಕಾರಣವೆಂದು ಓದಿದೆ. ಇಲ್ಲಿಯ ಒಂದು ಖಾಸಗಿ ಲ್ಯಾಬ್‌ನವರು ಅದರ ಟೆಸ್ಟ್ ಮಾಡಿಕೊಡುತ್ತೇವೆ ಎನ್ನುತ್ತಾರೆ. ಮಾಡಿಸಬೇಕೇ? ಇದಕ್ಕೆ ಔಷಧಿ ಬಂದಿದೆಯೇ?
– ಓದುಗರು, ಹನುಮಂತನಗರ, ಬೆಂಗಳೂರು

ಉತ್ತರ: ಟೆಸ್ಟ್ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ತಾಯಿಯವರಿಗೆ ಈಗ ಮೈಕ್ರೋಆರ್‌ಎನ್‌ಎ ಟೆಸ್ಟ್ ಮಾಡಿಸಿದರೆ ಅದರ ಫಲಿತಾಂಶ ಏನೇ ಬಂದರೂ ಚಿಕಿತ್ಸೆಯಲ್ಲಿ ಬದಲಾಗುವುದು ಏನೂ ಇಲ್ಲ. ಆ ದುಡ್ಡನ್ನು ಉಳಿಸಿಕೊಳ್ಳಿ. ಆದರೆ ನೀವು ಓದಿದ್ದು ಸುಳ್ಳೇನಲ್ಲ. ಈ ಪುಟ್ಟ ಅಣುಗಳಿಗೂ ಪೊರೆ ಗಡುಸಾಗುವುದಕ್ಕೂ ಸಂಬಂಧವಿದೆ ಎಂಬುದಕ್ಕೆ ಪ್ರಯೋಗಾಲಯದಲ್ಲಿ ಸಾಕಷ್ಟು ಗಟ್ಟಿಯಾದ ಆಧಾರಗಳಿವೆ. ಆ ಸಂಬಂಧ ಎಂಥದ್ದು ಎಂದು ತಿಳಿದರೆ ಟೆಸ್ಟ್ ಏಕೆ ಬೇಡ, ಅದರ ಬದಲು ಏನು ಮಾಡಬೇಕು ಎಂಬುದು ನಿಮಗೇ ಸ್ಪಷ್ಟವಾಗುತ್ತದೆ.

ಮೊದಲು ಪೊರೆಯ ವಿಚಾರ. ಹೊಟ್ಟೆಯ ಒಳಗೋಡೆಗೂ ಕರುಳಿನ ಹೊರಮೈಗೂ ಹೊದಿಸಿದಂತಿರುವ ಪೆರಿಟೋನಿಯಂ ಬಹಳ ತೆಳುವಾದ ಪೊರೆ. ಅದರ ಮೇಲ್ಮೈಯಲ್ಲಿ ಮೀಸೋಥೀಲಿಯಲ್ ಜೀವಕೋಶಗಳ ಒಂದೇ ಒಂದು ಪದರವಿರುತ್ತದೆ; ಅದರ ಕೆಳಗೆ ನಾರಿನಂಥ ಅಂಗಾಂಶ, ಅದರೊಳಗೆ ಸಣ್ಣ ರಕ್ತನಾಳಗಳು. ಟ್ಯೂಬಿನ ಮೂಲಕ ಹೊಟ್ಟೆಯೊಳಗೆ ಬಿಡುವ ಬ್ಯಾಗಿನ ದ್ರವದಲ್ಲಿರುವ ಗ್ಲೂಕೋಸ್ ಈ ರಕ್ತನಾಳಗಳಿಂದ ನೀರನ್ನು ಸೆಳೆದುಕೊಳ್ಳುತ್ತದೆ, ಕಲ್ಮಶಗಳು ಪೊರೆಯನ್ನು ದಾಟಿ ದ್ರವಕ್ಕೆ ಇಳಿಯುತ್ತವೆ. ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಆರೋಗ್ಯವಂತರ ರಕ್ತದಲ್ಲಿ ಲೀಟರಿಗೆ ಸುಮಾರು 1 ಗ್ರಾಂ ಗ್ಲೂಕೋಸ್ ಇರುತ್ತದೆ. 1.5 ಶೇಕಡಾ ಎಂದು ಬರೆದಿರುವ ಅತ್ಯಂತ ಸೌಮ್ಯ ಬ್ಯಾಗಿನಲ್ಲಿ ಲೀಟರಿಗೆ ಸುಮಾರು 13.6 ಗ್ರಾಂ, 4.25 ಶೇಕಡಾ ಬ್ಯಾಗಿನಲ್ಲಿ ಸುಮಾರು 38.6 ಗ್ರಾಂ ಗ್ಲೂಕೋಸ್ ಇರುತ್ತದೆ. ಹೀಗೆ ರಕ್ತಕ್ಕಿಂತ ಹತ್ತರಿಂದ ನಲವತ್ತು ಪಟ್ಟು ಸಕ್ಕರೆಯಲ್ಲಿ ಆ ಒಂಟಿ ಪದರದ ಜೀವಕೋಶಗಳು ವರ್ಷಗಟ್ಟಲೆ, ಹಗಲೂ ರಾತ್ರಿ ಮುಳುಗಿರಬೇಕಾಗುತ್ತದೆ. ಇದರ ಜೊತೆಗೆ, ದ್ರವವನ್ನು ಕ್ರಿಮಿರಹಿತಗೊಳಿಸಲು ಬಿಸಿ ಮಾಡುವಾಗ ಗ್ಲೂಕೋಸ್ ಒಡೆದು ಮೀಥೈಲ್‌ಗ್ಲೈಆಕ್ಸಾಲ್‌ನಂಥ ಕಿರುಕುಳದ ಪದಾರ್ಥಗಳೂ ಹುಟ್ಟಿಕೊಳ್ಳುತ್ತವೆ.

ಇದರ ಪರಿಣಾಮವನ್ನು ಅಳೆದು ನೋಡಿದವರಿದ್ದಾರೆ. 2002ರಲ್ಲಿ ಪ್ರಕಟವಾದ ಪೊರೆಯ ಬಯಾಪ್ಸಿಗಳ ದೊಡ್ಡ ಅಧ್ಯಯನವೊಂದರಲ್ಲಿ, ಮೀಸೋಥೀಲಿಯಲ್ ಪದರದ ಕೆಳಗಿನ ನಾರಿನ ಪಟ್ಟಿ ಆರೋಗ್ಯವಂತರಲ್ಲಿ ಸುಮಾರು 50 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಇದ್ದರೆ, ಪೆರಿಟೋನಿಯಲ್ ಡಯಾಲಿಸಿಸ್‌ನ ಮೊದಲ ಎರಡು ವರ್ಷದವರಲ್ಲಿ ಸುಮಾರು 180, ಎಂಟು ವರ್ಷ ದಾಟಿದವರಲ್ಲಿ ಸುಮಾರು 700 ಮೈಕ್ರಾನ್ ಇತ್ತು. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ, ನನಗೆ ಅದು ಹೆಚ್ಚು ಮುಖ್ಯವೆನಿಸುತ್ತದೆ: ಕಿಡ್ನಿ ವಿಫಲವಾಗಿದ್ದರೂ ಇನ್ನೂ ಡಯಾಲಿಸಿಸ್ ಶುರುವಾಗದವರಲ್ಲೇ ಆ ಪಟ್ಟಿ 140 ಮೈಕ್ರಾನ್ ಆಸುಪಾಸಿನಲ್ಲಿತ್ತು. ಅಂದರೆ ಮೊದಲ ಬ್ಯಾಗ್ ಹಾಕುವ ಮೊದಲೇ ಪೊರೆ ಒಂದಿಷ್ಟು ದಪ್ಪಗಾಗಿರುತ್ತದೆ. ಮನೆಯಲ್ಲಿ ಬ್ಯಾಗ್ ಬದಲಿಸುವವರು ತಮ್ಮ ಕೈಯಿಂದಲೇ ಏನೋ ತಪ್ಪಾಯಿತೆಂದು ಕೊರಗುವುದನ್ನು ನೋಡಿದ್ದೇನೆ, ಅದರ ಅಗತ್ಯವಿಲ್ಲ.

ದಪ್ಪಗಾದ ಮಾತ್ರಕ್ಕೆ ನೀರು ಬರುವುದು ನಿಲ್ಲುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಪೊರೆಯಲ್ಲಿ ನಾರು ತುಂಬಿಕೊಳ್ಳುವ ಹೊತ್ತಿಗೇ ಹೊಸ ರಕ್ತನಾಳಗಳೂ ಬೆಳೆಯುತ್ತವೆ. ರಕ್ತನಾಳ ಹೆಚ್ಚಾದಷ್ಟೂ ಬ್ಯಾಗಿನ ಗ್ಲೂಕೋಸ್ ಬೇಗ ಬೇಗ ರಕ್ತಕ್ಕೆ ಸೇರಿಹೋಗುತ್ತದೆ. ಗ್ಲೂಕೋಸ್ ಹೋದ ಮೇಲೆ ನೀರನ್ನು ಸೆಳೆಯುವ ಶಕ್ತಿಯೂ ಹೋಯಿತು. ನಿಮ್ಮ ತಾಯಿಯವರಲ್ಲಿ ಹಾಕಿದಷ್ಟೇ ನೀರು ವಾಪಸ್ ಬರುತ್ತಿರುವುದಕ್ಕೆ ಇದು ಒಂದು ಕಾರಣವಾಗಿರಬಹುದು. ಮಲಬದ್ಧತೆಯಿಂದ ಟ್ಯೂಬ್ ಪಕ್ಕಕ್ಕೆ ಸರಿದಿರುವುದು, ಟ್ಯೂಬಿನಲ್ಲಿ ನಾರಿನ ಎಳೆ ಸಿಕ್ಕಿಕೊಂಡಿರುವುದು, ದ್ರವ ಹೊಟ್ಟೆಯ ಗೋಡೆಯೊಳಗೆ ಸೋರುವುದು, ಉಳಿದಿದ್ದ ಮೂತ್ರ ನಿಂತುಹೋಗಿರುವುದು, ಇವೂ ಕಾರಣಗಳಾಗಬಹುದು. ಇವನ್ನೆಲ್ಲ ತಳ್ಳಿಹಾಕಿದ ಮೇಲಷ್ಟೇ ಪೊರೆಯ ಕಡೆ ಬೆರಳು ತೋರಿಸಬೇಕು.

ಇನ್ನು ಮೈಕ್ರೋಆರ್‌ಎನ್‌ಎ. ಜೀನ್‌ನಲ್ಲಿರುವ ಮಾಹಿತಿಯನ್ನು ಸಂದೇಶವಾಹಕ ಆರ್‌ಎನ್‌ಎ ಜೀವಕೋಶದ ಪ್ರೋಟೀನ್ ಕಾರ್ಖಾನೆಗೆ ಒಯ್ಯುತ್ತದೆ ಎಂಬುದನ್ನು ಪಿಯುಸಿಯಲ್ಲಿ ಓದಿರುತ್ತೀರಿ. ಮೈಕ್ರೋಆರ್‌ಎನ್‌ಎ ಎಂದರೆ ಸುಮಾರು 22 ಅಕ್ಷರಗಳಷ್ಟೇ ಉದ್ದದ, ಪ್ರೋಟೀನ್ ತಯಾರಿಸದ ಆರ್‌ಎನ್‌ಎ ತುಣುಕು. ಅದು ಆರ್ಗೋನಾಟ್ ಎಂಬ ಪ್ರೋಟೀನಿನೊಳಗೆ ಕೂತು, ತನಗೆ ಹೊಂದುವ ಅಕ್ಷರಸಾಲಿರುವ ಸಂದೇಶವಾಹಕ ಆರ್‌ಎನ್‌ಎಯನ್ನು ಹಿಡಿದು, ಅದರಿಂದ ಪ್ರೋಟೀನ್ ತಯಾರಾಗುವುದನ್ನು ತಗ್ಗಿಸುತ್ತದೆ. ಒಲೆಯನ್ನು ಆರಿಸದೆ, ಹಾಲು ಉಕ್ಕದಂತೆ ಉರಿಯನ್ನಷ್ಟೇ ಸಣ್ಣಗೆ ಮಾಡುವ ಕೈ ಎಂದುಕೊಳ್ಳಿ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರು ಒಂದು ಮಿಲಿಮೀಟರ್ ಉದ್ದದ ಹುಳುವೊಂದರಲ್ಲಿ ಇದನ್ನು 1993ರಲ್ಲಿ ತೋರಿಸಿದಾಗ, ಇದು ಹುಳುವಿನ ವಿಚಿತ್ರವೆಂದೇ ಹೆಚ್ಚಿನವರು ಭಾವಿಸಿದ್ದರು. 2000ದಲ್ಲಿ ರವ್ಕುನ್ ತಂಡವು ಮನುಷ್ಯರಲ್ಲೂ ಇರುವ ಎರಡನೆಯ ಮೈಕ್ರೋಆರ್‌ಎನ್‌ಎಯನ್ನು ತೋರಿಸಿದ ಮೇಲೆ ಚಿತ್ರ ಬದಲಾಯಿತು. ಇಬ್ಬರಿಗೂ ನೊಬೆಲ್ ಬಂದಿದ್ದು 2024ರಲ್ಲಿ. ನೀವು ಓದಿದ ಸುದ್ದಿಯ ಮೂಲ ಬಹುಶಃ ಅದೇ ಇರಬೇಕು. ಮನುಷ್ಯರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಅಣುಗಳಿವೆ. ಒಂದೊಂದೂ ನೂರಾರು ಜೀನ್‌ಗಳ ಮೇಲೆ ಕೈಯಿಡಬಲ್ಲದು, ಒಂದೇ ಜೀನಿನ ಮೇಲೆ ಹಲವು ಮೈಕ್ರೋಆರ್‌ಎನ್‌ಎಗಳು ಕೈಯಿಡಬಲ್ಲವು. ಈ ಕೊನೆಯ ಮಾತನ್ನು ನೆನಪಿಡಿ, ಔಷಧಿಯ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

ಪೊರೆಯಲ್ಲಿ ಇವುಗಳ ಆಟ ನಡೆಯುವುದು ಟಿಜಿಎಫ್-ಬೀಟಾ ಎಂಬ ಸಂಕೇತದ ಸುತ್ತ. ಅತಿಯಾದ ಗ್ಲೂಕೋಸ್, ಅದರ ಒಡಕು ಪದಾರ್ಥಗಳು, ಸೋಂಕು, ರಕ್ತದಲ್ಲಿ ಉಳಿದ ಕಲ್ಮಶ – ಯಾವುದೇ ದಾರಿಯಿಂದ ಪೊರೆಗೆ ಗಾಯವಾದರೂ ಜೀವಕೋಶಗಳು ಟಿಜಿಎಫ್-ಬೀಟಾವನ್ನು ಸುರಿಸುತ್ತವೆ. ಅದು ಸ್ಮ್ಯಾಡ್3 ಎಂಬ ಪ್ರೋಟೀನನ್ನು ಎಚ್ಚರಿಸಿ, ಕೊಲಾಜನ್ ಎಂಬ ನಾರಿನ ಪ್ರೋಟೀನನ್ನು ಹೆಣೆಯಲು ಆಜ್ಞೆ ಕೊಡುತ್ತದೆ. ಗಾಯ ಮಾಯುವುದಕ್ಕೆ ಇದು ಬೇಕೇ ಬೇಕು. ಗಾಯವೇ ದಿನಕ್ಕೆ ನಾಲ್ಕು ಸಲ ಮರುಕಳಿಸಿದಾಗ ಮಾತ್ರ ಮಾಯಿಸುವ ಕೆಲಸ ನಿಲ್ಲುವುದೇ ಇಲ್ಲ, ಕಲೆಯ ಮೇಲೆ ಕಲೆ ಕಟ್ಟುತ್ತ ಹೋಗುತ್ತದೆ.

ಇಲ್ಲಿ ಮೈಕ್ರೋಆರ್‌ಎನ್‌ಎ-29 ಎಂಬ ಕುಟುಂಬದ ಕೆಲಸ ಕೊಲಾಜನ್ ತಯಾರಿಗೆ ಕಡಿವಾಣ ಹಾಕುವುದು. ಒಂದನೆಯ ಮತ್ತು ಮೂರನೆಯ ಬಗೆಯ ಕೊಲಾಜನ್, ಇಲಾಸ್ಟಿನ್, ಫೈಬ್ರಿಲಿನ್, ಹೀಗೆ ಕಲೆಗೆ ಬೇಕಾದ ಸಾಮಗ್ರಿಗಳಲ್ಲಿ ಬಹುಪಾಲನ್ನು ಅದೊಂದೇ ತಗ್ಗಿಸಬಲ್ಲದು. ಸ್ಮ್ಯಾಡ್3 ಎಚ್ಚೆತ್ತಾಗ ಮೊದಲು ಬಲಿಯಾಗುವುದು ಇದೇ. ಇದರ ಪ್ರಮಾಣ ಕುಸಿಯುತ್ತದೆ, ಕೊಲಾಜನ್‌ಗೆ ಹೇಳುವವರು ಕೇಳುವವರು ಇಲ್ಲವಾಗುತ್ತದೆ. 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಗಳ ಹೊಟ್ಟೆಗೆ ಡಯಾಲಿಸಿಸ್ ದ್ರವ ಬಿಟ್ಟು ಪೊರೆಯನ್ನು ಗಡುಸಾಗಿಸಿ, ಅಲ್ಟ್ರಾಸೌಂಡ್ ಮತ್ತು ಸೂಕ್ಷ್ಮ ಗುಳ್ಳೆಗಳ ನೆರವಿನಿಂದ ಮೈಕ್ರೋಆರ್‌ಎನ್‌ಎ-29ಬಿಯ ಜೀನನ್ನು ಜೀವಕೋಶಗಳೊಳಗೆ ಸೇರಿಸಿದಾಗ ಕಲೆ ಕಟ್ಟುವುದು ಗಣನೀಯವಾಗಿ ತಗ್ಗಿತು, ಪೊರೆಯ ಕೆಲಸವೂ ಉಳಿಯಿತು.

ಮೈಕ್ರೋಆರ್‌ಎನ್‌ಎ-21 ಇದಕ್ಕೆ ತದ್ವಿರುದ್ಧ. ಟಿಜಿಎಫ್-ಬೀಟಾ ಬಂದೊಡನೆ ಇದು ಏರುತ್ತದೆ. ಸ್ಮ್ಯಾಡ್ ಪ್ರೋಟೀನುಗಳು ಇದರ ತಯಾರಿಗೇ ಕೈಜೋಡಿಸುತ್ತವೆ. ಏರಿದ ಮೇಲೆ ಇದು ಮಾಡುವ ದೊಡ್ಡ ಅನಾಹುತವೆಂದರೆ ಸ್ಮ್ಯಾಡ್7 ಎಂಬ ಪ್ರೋಟೀನನ್ನು ಅಡಗಿಸುವುದು. ಸ್ಮ್ಯಾಡ್7 ಎಂದರೆ ಟಿಜಿಎಫ್-ಬೀಟಾಗೇ ದೇಹ ಇಟ್ಟುಕೊಂಡಿರುವ ಬ್ರೇಕು. ಹೀಗಾಗಿ ಟಿಜಿಎಫ್-ಬೀಟಾ ಹೆಚ್ಚಾದರೆ ಮೈಕ್ರೋಆರ್‌ಎನ್‌ಎ-21 ಹೆಚ್ಚುತ್ತದೆ, ಅದು ಹೆಚ್ಚಾದರೆ ಟಿಜಿಎಫ್-ಬೀಟಾದ ಪ್ರಭಾವ ಇನ್ನೂ ಹೆಚ್ಚುತ್ತದೆ. ಒಮ್ಮೆ ಶುರುವಾದ ಕಲೆ ಮೂಲ ಪೆಟ್ಟು ಕಡಿಮೆಯಾದ ಮೇಲೂ ಮುಂದುವರಿಯಲು ಇಂಥ ಚಕ್ರಗಳು ಒಂದು ಕಾರಣ.

ಇನ್ನೊಂದು ಗುಂಪು ಮೈಕ್ರೋಆರ್‌ಎನ್‌ಎ-200. ಮೀಸೋಥೀಲಿಯಲ್ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು ಪದರವಾಗಿ ನಿಂತಿರಲು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನ್ ಬೇಕು. ಅದನ್ನು ಅಡಗಿಸುವ ಝೆಬ್1, ಝೆಬ್2 ಎಂಬವನ್ನು ಈ ಗುಂಪು ಹತೋಟಿಯಲ್ಲಿಟ್ಟಿರುತ್ತದೆ. ಗುಂಪು ದುರ್ಬಲವಾದರೆ ಜೀವಕೋಶಗಳು ಪದರವನ್ನು ಬಿಟ್ಟು, ಆಕಾರ ಬದಲಿಸಿಕೊಂಡು, ನಾರು ಹೆಣೆಯುವ ಜೀವಕೋಶಗಳ ಗುಣವನ್ನು ಪಡೆಯುತ್ತವೆ. ಹೊರಬಂದ ದ್ರವದಲ್ಲಿ ಹೀಗೆ ರೂಪ ಬದಲಿಸಿದ ಮೀಸೋಥೀಲಿಯಲ್ ಜೀವಕೋಶಗಳು ಸಿಗುತ್ತವೆ ಎಂಬುದನ್ನು 2003ರಲ್ಲೇ ತೋರಿಸಲಾಗಿತ್ತು. ಮೈಕ್ರೋಆರ್‌ಎನ್‌ಎ-30ಎ ಇದೇ ದಾರಿಯ ಇನ್ನೊಂದು ಕಾವಲುಗಾರ. 199ಎ ಮತ್ತು 214ರ ಜೋಡಿ ಮಾತ್ರ ಇ-ಕ್ಯಾಡ್ಹೆರಿನ್‌ನ ಮೇಲೆಯೇ ಎರಗಿ ಕಲೆಯ ಪಕ್ಷ ವಹಿಸುತ್ತದೆ.

ಈ ವಿವರಣೆ ಕೇಳಲು ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪಿಕೊಳ್ಳುವ ಮೊದಲು ಒಂದು ತಕರಾರನ್ನು ಮುಂದಿಡಬೇಕು. ಈ ಸಂಶೋಧನೆಯ ದೊಡ್ಡ ಪಾಲು ತಟ್ಟೆಯಲ್ಲಿ ಬೆಳೆಸಿದ ಮೀಸೋಥೀಲಿಯಲ್ ಜೀವಕೋಶಗಳ ಮೇಲೆ ನಡೆದದ್ದು. ಆ ಜೀವಕೋಶಗಳೇ ರೂಪ ಬದಲಿಸಿ ಕಲೆ ಕಟ್ಟುತ್ತವೆ ಎಂಬ ನಂಬಿಕೆಯ ಮೇಲೆ ನಿಂತದ್ದು. 2014ರಲ್ಲಿ ಇಲಿಗಳಲ್ಲಿ ಜೀವಕೋಶಗಳಿಗೆ ಗುರುತು ಹಾಕಿ ಅವುಗಳ ವಂಶವನ್ನು ಹಿಂಬಾಲಿಸಿದವರಿಗೆ ಕಂಡದ್ದು ಬೇರೆ: ಕೊಲಾಜನ್ ಹೆಣೆಯುವ ಜೀವಕೋಶಗಳಲ್ಲಿ ಹೆಚ್ಚಿನವು ಪದರದ ಕೆಳಗೆ ಮೊದಲೇ ಇದ್ದ ಫೈಬ್ರೋಬ್ಲಾಸ್ಟ್ ಎಂಬ ನಾರಿನ ಅಂಗಾಂಶದ ಜೀವಕೋಶಗಳಿಂದ ಬಂದಿದ್ದವೇ ಹೊರತು ಮೀಸೋಥೀಲಿಯಲ್ ಪದರದಿಂದಲ್ಲ. ಈ ಚರ್ಚೆ ಮುಗಿದಿಲ್ಲ. ಮೀಸೋಥೀಲಿಯಲ್ ಜೀವಕೋಶ ತಾನೇ ಕಲೆಯಾಗದಿದ್ದರೂ ಟಿಜಿಎಫ್-ಬೀಟಾ ಸುರಿಸಿ ಕೆಳಗಿನವುಗಳನ್ನು ಎಬ್ಬಿಸಬಹುದು ಎಂಬುದೇ ನನ್ನ ಅಭಿಪ್ರಾಯ. ಆದರೂ ಯಾವ ಜೀವಕೋಶದೊಳಗಿನ ಮೈಕ್ರೋಆರ್‌ಎನ್‌ಎಯನ್ನು ತಿದ್ದಬೇಕು ಎಂಬ ಪ್ರಶ್ನೆಗೆ ಇದರಿಂದ ಉತ್ತರ ಬದಲಾಗುತ್ತದೆ.

ಈಗ ಲ್ಯಾಬ್‌ನವರು ಹೇಳುವ ಟೆಸ್ಟ್. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಗಲ್ಲಿಗಲ್ಲಿಯ ಲ್ಯಾಬ್‌ಗಳಿಗೂ ಬಂದ ಆರ್‌ಟಿ-ಪಿಸಿಆರ್ ಯಂತ್ರದಲ್ಲೇ ಮೈಕ್ರೋಆರ್‌ಎನ್‌ಎಯನ್ನೂ ಅಳೆಯಬಹುದು. ಹಾಗಾಗಿ ಅಳೆದುಕೊಡುತ್ತೇವೆ ಎಂಬ ಅವರ ಮಾತು ನಿಜವೇ. ಆದರೆ ಅಲ್ಲಿ ಕೇಳುತ್ತಿದ್ದದ್ದು ವೈರಸ್ ಇದೆಯೇ ಇಲ್ಲವೇ ಎಂದು. ಇಲ್ಲಿ ಕೇಳಬೇಕಾದ್ದು ಎಷ್ಟಿದೆ, ಯಾವುದಕ್ಕೆ ಹೋಲಿಸಿದರೆ ಎಷ್ಟಿದೆ ಎಂದು. ಹೊರಬಂದ ದ್ರವ ಹೊಟ್ಟೆಯಲ್ಲಿ ಎರಡು ಗಂಟೆ ಇತ್ತೇ ಎಂಟು ಗಂಟೆ ಇತ್ತೇ, ನೀರು ಎಷ್ಟು ಸೇರಿ ತೆಳುವಾಯಿತು ಎಂಬುದರ ಮೇಲೆಯೇ ಅಂಕಿ ಬದಲಾಗುತ್ತದೆ. ಅದರಲ್ಲಿರುವ ಮೈಕ್ರೋಆರ್‌ಎನ್‌ಎ ಮೀಸೋಥೀಲಿಯಲ್ ಜೀವಕೋಶದ್ದೋ ಬಿಳಿ ರಕ್ತಕಣದ್ದೋ ಎಂಬುದೂ ಗೊತ್ತಾಗಬೇಕು. ಸಣ್ಣ ಸೋಂಕಾದರೂ ಸಾಕು, ಬಿಳಿ ರಕ್ತಕಣಗಳಲ್ಲಿ ಹೇರಳವಾಗಿರುವ ಮೈಕ್ರೋಆರ್‌ಎನ್‌ಎ-223ರಂಥವು ಮಾದರಿಯನ್ನೇ ಮುಳುಗಿಸಿಬಿಡುತ್ತವೆ. ಇದಕ್ಕಿಂತ ಇಷ್ಟು ಹೆಚ್ಚಾದರೆ ಪೊರೆ ಕೆಟ್ಟಿದೆ ಎಂದು ಹೇಳುವ, ಎಲ್ಲರೂ ಒಪ್ಪಿದ ಗಡಿರೇಖೆ ಇಲ್ಲ. ರಕ್ತದಲ್ಲಿ ಅಳೆದರಂತೂ ಅದು ಪೊರೆಯದ್ದೇ ಎಂದು ಹೇಳುವುದು ಇನ್ನೂ ಕಷ್ಟ. ಹೃದಯ, ಶ್ವಾಸಕೋಶ, ಗೆಡ್ಡೆಗಳಲ್ಲೂ ಮೈಕ್ರೋಆರ್‌ಎನ್‌ಎ-21 ಏರುತ್ತದೆ. ರೋಗಿಗೆ ಉಪಯೋಗವಿಲ್ಲದ ಅಂಕಿಯನ್ನು ಪ್ಯಾನೆಲ್ ಎಂಬ ಹೆಸರಿಟ್ಟು ಮಾರುವುದು ನನಗೆ ಸರಿಕಾಣುವುದಿಲ್ಲ.

ನಿಮ್ಮ ತಾಯಿಯವರಿಗೆ ಬೇಕಾದ ಟೆಸ್ಟ್ ಹಳೆಯದು, ಅಗ್ಗವಾದದ್ದು: ಪೆಟ್ ಟೆಸ್ಟ್, ಅಂದರೆ ಪೆರಿಟೋನಿಯಲ್ ಈಕ್ವಿಲಿಬ್ರೇಶನ್ ಟೆಸ್ಟ್. ಇದು 1987ರಿಂದ ಬಳಕೆಯಲ್ಲಿದೆ; ಸ್ಕ್ಯಾನ್ ಮಾಡುವ ಪೆಟ್ ಅಲ್ಲ. 2 ಲೀಟರಿನ ಬ್ಯಾಗ್ ಹಾಕಿ ನಾಲ್ಕು ಗಂಟೆ ಬಿಟ್ಟು, ದ್ರವದಲ್ಲೂ ರಕ್ತದಲ್ಲೂ ಕ್ರಿಯಾಟಿನಿನ್ ಎಂಬ ಕಲ್ಮಶ ಎಷ್ಟಿದೆ ಎಂದು ನೋಡುತ್ತಾರೆ. ದ್ರವದ ಅಂಕಿಯನ್ನು ರಕ್ತದ ಅಂಕಿಯಿಂದ ಭಾಗಿಸಿದಾಗ 0.81ಕ್ಕಿಂತ ಹೆಚ್ಚು ಬಂದರೆ ಪೊರೆ ತೀರ ವೇಗವಾಗಿ ಸಾಗಿಸುತ್ತಿದೆ ಎಂದರ್ಥ. 4.25 ಶೇಕಡಾ ಬ್ಯಾಗಿನಲ್ಲಿ ಮಾಡಿದಾಗ ನಾಲ್ಕು ಗಂಟೆಯ ನಂತರ ಹೆಚ್ಚುವರಿ ನೀರು 400 ಮಿಲಿಲೀಟರಿಗಿಂತ ಕಡಿಮೆ ಬಂದರೆ ನೀರು ತೆಗೆಯುವ ಶಕ್ತಿ ಕುಂದಿದೆ ಎಂದು ತೀರ್ಮಾನಿಸುತ್ತಾರೆ. ಡಯಾಲಿಸಿಸ್ ಶುರುವಾದ ಹೊಸದರಲ್ಲಿ ಮಾಡಿಸಿದ ವರದಿ ಫೈಲಿನಲ್ಲಿದ್ದರೆ ಹುಡುಕಿ ಒಯ್ಯಿರಿ. ಮೊದಲಿನಿಂದಲೂ ವೇಗವಾಗಿದ್ದ ಪೊರೆ ಬೇರೆ, ನಾಲ್ಕು ವರ್ಷದಲ್ಲಿ ವೇಗವಾದ ಪೊರೆ ಬೇರೆ. ಎರಡು ವರದಿ ಪಕ್ಕಪಕ್ಕ ಇಟ್ಟಾಗಲೇ ಅದು ತಿಳಿಯುವುದು.

ಔಷಧಿಯ ವಿಚಾರದಲ್ಲಿ ನಿಮಗೆ ಆಸೆ ಹುಟ್ಟಿಸಲು ನನಗೆ ಮನಸ್ಸಿಲ್ಲ. ಮೈಕ್ರೋಆರ್‌ಎನ್‌ಎಯನ್ನೇ ಗುರಿಯಾಗಿಟ್ಟ ಯಾವ ಔಷಧಿಗೂ ಇನ್ನೂ ಮಾರಾಟದ ಅನುಮತಿ ಸಿಕ್ಕಿಲ್ಲ. ಆನುವಂಶಿಕ ಕಿಡ್ನಿ ಕಾಯಿಲೆಯಾದ ಆಲ್ಪೋರ್ಟ್ ಸಿಂಡ್ರೋಮ್‌ನಲ್ಲಿ ಮೈಕ್ರೋಆರ್‌ಎನ್‌ಎ-21ನ್ನು ತಡೆಯುವ ಲಾಡೆಮಿರ್ಸೆನ್ ಎಂಬ ಚುಚ್ಚುಮದ್ದನ್ನು ಮನುಷ್ಯರಲ್ಲಿ ಪರೀಕ್ಷಿಸಿದರು. ಇಲಿಗಳಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡಿದ್ದ ತಂತ್ರವದು. ಮನುಷ್ಯರಲ್ಲಿ ಪ್ರಯೋಜನ ಕಾಣದೆ ಎರಡನೆಯ ಹಂತದಲ್ಲೇ 2022ರಲ್ಲಿ ನಿಲ್ಲಿಸಬೇಕಾಯಿತು. ಕ್ಯಾನ್ಸರ್‌ಗೆಂದು ಮೈಕ್ರೋಆರ್‌ಎನ್‌ಎ-34ಎಯ ನಕಲನ್ನು ಕೊಟ್ಟ ಪ್ರಯೋಗವನ್ನು ರೋಗನಿರೋಧಕ ವ್ಯವಸ್ಥೆಯ ತೀವ್ರ ಅಡ್ಡಪರಿಣಾಮಗಳಿಂದಾಗಿ 2016ರಲ್ಲಿ ನಿಲ್ಲಿಸಿದರು. ಒಂದು ಮೈಕ್ರೋಆರ್‌ಎನ್‌ಎ ನೂರಾರು ಜೀನ್‌ಗಳ ಮೇಲೆ ಕೈಯಿಡುತ್ತದೆ ಎಂದೆನಲ್ಲ, ಅದರ ಬೆಲೆ ಇದು. ಪೆರಿಟೋನಿಯಂಗೆ ಮಾತ್ರ ಒಂದು ಅನುಕೂಲವಿದೆ: ಔಷಧಿಯನ್ನು ಇಡೀ ದೇಹಕ್ಕೆ ಕೊಡದೆ ಬ್ಯಾಗಿನಲ್ಲೇ ಸೇರಿಸಿ ನೇರವಾಗಿ ಪೊರೆಗೆ ಮುಟ್ಟಿಸಬಹುದು. ಮುಂದೊಂದು ದಿನ ಈ ದಾರಿಯಲ್ಲಿ ಏನಾದರೂ ಬಂದರೆ ಅದು ಮೈಕ್ರೋಆರ್‌ಎನ್‌ಎ-29ರ ನಕಲೇ ಇರಬಹುದೆಂದು ನನ್ನ ಊಹೆ. ನಿಮ್ಮ ತಾಯಿಯವರ ಚಿಕಿತ್ಸೆಯನ್ನು ಆ ಊಹೆಯ ಮೇಲೆ ನಿಲ್ಲಿಸುವಂತಿಲ್ಲ.

ಆದರೆ ಮೈಕ್ರೋಆರ್‌ಎನ್‌ಎಗಳು ತಾವಾಗಿ ಏರುವುದೂ ಇಳಿಯುವುದೂ ಇಲ್ಲ. ಗ್ಲೂಕೋಸ್, ಸೋಂಕು, ಉರಿಯೂತ ಅವುಗಳನ್ನು ಏರಿಸಿ ಇಳಿಸುತ್ತವೆ. ಆ ಮೇಲಿನ ಕೊಂಡಿಗಳು ಇವತ್ತೇ ನಿಮ್ಮ ಕೈಯಲ್ಲಿವೆ. ಕಾಲು ಊದಿದೆ ಎಂದು 4.25ರ ಬ್ಯಾಗನ್ನು ಮೇಲಿಂದ ಮೇಲೆ ಹಾಕುವುದು ಇದ್ದದ್ದರಲ್ಲಿ ಕೆಟ್ಟ ದಾರಿ. ಉಪ್ಪು ಕಡಿಮೆಯಾದರೆ ಬಾಯಾರಿಕೆ ಕಡಿಮೆ, ನೀರು ಕುಡಿಯುವುದು ಕಡಿಮೆ, ಗಟ್ಟಿ ಬ್ಯಾಗಿನ ಅಗತ್ಯ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಬೇಕರಿಯ ಖಾರಾ ಬನ್ನು, ಹೋಟೆಲಿನ ಸಾಂಬಾರು ಇವುಗಳ ಲೆಕ್ಕವನ್ನು ಡಯಟಿಷಿಯನ್ ಹತ್ತಿರ ಮುಚ್ಚಿಡಬೇಡಿ. ಇನ್ನೂ ಮೂತ್ರ ಬರುತ್ತಿದ್ದರೆ ಅದನ್ನು ಉಳಿಸಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಲಾಭ. ಮಂಡಿನೋವಿಗೆ ಅಂಗಡಿಯಿಂದ ಕೇಳಿ ತರುವ ನೋವಿನ ಮಾತ್ರೆ ಆ ಮೂತ್ರವನ್ನೇ ನಿಲ್ಲಿಸಬಹುದು.

ರಾತ್ರಿಯ ಉದ್ದನೆಯ ಬ್ಯಾಗಿಗೆ ಗ್ಲೂಕೋಸ್ ಬದಲು ಐಕೊಡೆಕ್ಸ್‌ಟ್ರಿನ್ ಹಾಕಬಹುದೇ ಎಂದು ಡಾಕ್ಟರನ್ನು ಕೇಳಿ. ಅದು ದೊಡ್ಡ ಅಣುವಾದ್ದರಿಂದ ವೇಗದ ಪೊರೆಯಲ್ಲೂ ಹನ್ನೆರಡು ಗಂಟೆಯವರೆಗೆ ನೀರು ಸೆಳೆಯುತ್ತಿರುತ್ತದೆ. ಇದರಲ್ಲಿ ಸಕ್ಕರೆ ಕಾಯಿಲೆಯವರು ಮರೆಯಬಾರದ ಒಂದು ಅಪಾಯವಿದೆ. ಐಕೊಡೆಕ್ಸ್‌ಟ್ರಿನ್ ದೇಹದಲ್ಲಿ ಒಡೆದು ಮಾಲ್ಟೋಸ್ ಆಗುತ್ತದೆ. ಕೆಲವು ಗ್ಲೂಕೋಮೀಟರ್ ಪಟ್ಟಿಗಳು ಮಾಲ್ಟೋಸನ್ನೂ ಗ್ಲೂಕೋಸ್ ಎಂದು ಓದಿ ಸುಳ್ಳು ಹೆಚ್ಚಿನ ಅಂಕಿ ತೋರಿಸುತ್ತವೆ. ಆ ಅಂಕಿ ನಂಬಿ ಇನ್ಸುಲಿನ್ ಹೆಚ್ಚಿಸಿದರೆ ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಮನೆಯಲ್ಲಿರುವ ಪಟ್ಟಿ ಯಾವ ಬಗೆಯದು ಎಂದು ಡಬ್ಬಿ ಸಮೇತ ಒಯ್ದು ತೋರಿಸಿ. ಹಗಲಿನ ಬ್ಯಾಗುಗಳ ಅವಧಿಯನ್ನು ಗಿಡ್ಡ ಮಾಡುವುದು, ರಾತ್ರಿ ಯಂತ್ರದ ಮೂಲಕ ಬದಲಿಸುವುದು, ಇವೂ ಪೆಟ್ ವರದಿ ನೋಡಿ ತೀರ್ಮಾನಿಸುವ ಸಂಗತಿಗಳು.

ಬ್ಯಾಗ್ ಇಡುವ ಜಾಗವನ್ನೂ ಒಮ್ಮೆ ನೋಡಿ. ಗ್ಲೂಕೋಸ್ ಒಡಕು ಪದಾರ್ಥಗಳು ಕಾರ್ಖಾನೆಯಲ್ಲಿ ಮಾತ್ರವಲ್ಲ, ಸಂಗ್ರಹದ ಕಾಲದಲ್ಲೂ ಹೆಚ್ಚುತ್ತವೆ, ಅದಕ್ಕೆ ಮುಖ್ಯ ಕಾರಣ ಉಷ್ಣತೆ. ತಿಂಗಳ ಡಬ್ಬಗಳು ಒಟ್ಟಿಗೆ ಬಂದಾಗ ಜಾಗವಿಲ್ಲವೆಂದು ತಾರಸಿಯ ಶೀಟಿನ ಕೋಣೆಯಲ್ಲಿ ಪೇರಿಸುವ ಮನೆಗಳಿವೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39 ಡಿಗ್ರಿ ಮುಟ್ಟಿತ್ತು. ಶೀಟಿನ ಕೆಳಗೆ ಅದಕ್ಕಿಂತಲೂ ಹೆಚ್ಚಿರುತ್ತದೆ. ಕೆಳಗಿನ ಮನೆಯಲ್ಲಿ, ಬಿಸಿಲು ಬೀಳದ ಗೋಡೆಯ ಪಕ್ಕ, 25 ಡಿಗ್ರಿಯ ಆಸುಪಾಸಿನಲ್ಲಿಡಿ.

ಸೋಂಕಿನ ವಿಷಯದಲ್ಲಿ ಸಡಿಲು ಬೇಡ. ಒಂದು ಸಲದ ಪೆರಿಟೋನೈಟಿಸ್ (ಪೊರೆಯ ಸೋಂಕು) ಪೊರೆಗೆ ತಿಂಗಳುಗಳ ಗ್ಲೂಕೋಸ್‌ಗಿಂತ ದೊಡ್ಡ ಪೆಟ್ಟು ಕೊಡಬಲ್ಲದು. ಹೊರಬಂದ ನೀರಿನ ಬ್ಯಾಗನ್ನು ಅಚ್ಚು ಇರುವ ಕಾಗದದ ಮೇಲಿಟ್ಟು ಅಕ್ಷರ ಮಸುಕಾಗಿ ಕಂಡರೆ, ಜ್ವರ ಬರಲಿ ಎಂದು ಕಾಯದೆ ಆ ಬ್ಯಾಗನ್ನೇ ಹಿಡಿದುಕೊಂಡು ಅದೇ ದಿನ ಆಸ್ಪತ್ರೆಗೆ ಹೋಗಿ. ವಾಂತಿ, ತೂಕ ಇಳಿಕೆ, ಹೊಟ್ಟೆ ಕಟ್ಟಿಕೊಳ್ಳುವುದು, ನೀರಿನಲ್ಲಿ ರಕ್ತ ಇವು ಒಟ್ಟಾಗಿ ಕಂಡರೆ ಕರುಳನ್ನೇ ಕಲೆ ಸುತ್ತಿಕೊಳ್ಳುವ ಅಪರೂಪದ ಸ್ಥಿತಿಯ ಬಗ್ಗೆ ಡಾಕ್ಟರು ಯೋಚಿಸಬೇಕಾಗುತ್ತದೆ. ನಿಮ್ಮ ಪತ್ರದಲ್ಲಿ ಅಂಥ ಲಕ್ಷಣವೇನೂ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ನೀರು ಬರದೆ ಉಸಿರಿಗೆ ತೊಂದರೆಯಾಗುವಂತಿದ್ದರೆ ಯಂತ್ರದಲ್ಲಿ ರಕ್ತವನ್ನು ಶುದ್ಧಿ ಮಾಡುವ ಹಿಮೋಡಯಾಲಿಸಿಸ್‌ಗೆ ಬದಲಾಗುವುದೇ ಸರಿ, ಅದನ್ನು ಸೋಲೆಂದು ಎಣಿಸಬಾರದು. ಅದಕ್ಕಾಗಿ ಕೈಯಲ್ಲಿ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿಸಿದರೆ ಅದು ಬಳಕೆಗೆ ಬರಲು ವಾರಗಳೇ ಬೇಕಾದ್ದರಿಂದ ಆ ಮಾತನ್ನು ಪೆಟ್ ವರದಿ ಕೈಗೆ ಬಂದ ದಿನವೇ ಡಾಕ್ಟರ ಜೊತೆ ಎತ್ತಿ. ಅಲ್ಲಿಯವರೆಗೆ ಎಡಗೈಯಿಂದ ರಕ್ತ ತೆಗೆಯದಂತೆ, ಅಲ್ಲಿ ಡ್ರಿಪ್ ಹಾಕದಂತೆ ಪ್ರತಿ ಲ್ಯಾಬ್‌ನಲ್ಲೂ ಹೇಳಿ. ನಿಮ್ಮ ತಾಯಿಯವರು ಎಡಚರಾಗಿದ್ದರೆ ಬಲಗೈಯನ್ನು ಉಳಿಸಿಕೊಳ್ಳಿ.